ಏಳನೇ ಪಾಠದ ಕೊನೆಯ ನಿಮಿಷ

ದರ್ಜಿಗಳ ಸಂಘದ ಕಚೇರಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದನ್ನು ಮುಟ್ಟುವ ಧೈರ್ಯ ಇದ್ದದ್ದು ಗುಮಾಸ್ತೆ ಒಬ್ಬಳಿಗೇ. ಹಾಗಾಗಿ ಅದು ಕೆಟ್ಟರೆ ತಪ್ಪು ಅವಳದು, ಸರಿಯಾಗಿ ನಡೆದರೆ ಹೆಸರು ಅಧ್ಯಕ್ಷರದು. ಅವಳಿಗೆ ಇನ್ನೊಂದು ಹುದ್ದೆಯೂ ಇತ್ತು. ಅದಕ್ಕೆ ಸಂಬಳವಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಅವಳು ಕೋಟು ಮೇಷ್ಟ್ರ ಸೊಸೆ.

ಕೋಟು ಮೇಷ್ಟ್ರು ಐವತ್ತು ವರ್ಷದಿಂದ ಕೋಟು ಹೊಲಿದವರು. ಅವರು ಕೂಡಿಸಿದ ತೋಳಿನಲ್ಲಿ ಭುಜದ ಹತ್ತಿರ ಒಂದು ಸುಕ್ಕು ತೋರಿಸಿದವರು ಇನ್ನೂ ಹುಟ್ಟಿರಲಿಲ್ಲ. ಆದರೆ ತೋಳು ಕೂಡಿಸುವ ಹೊತ್ತು ಬಂದರೆ ಸಾಕು, ಮೇಷ್ಟ್ರು ಸೂಜಿದಾರ ಹಿಡಿದು ಗೋಡೆ ಕಡೆ ತಿರುಗಿ, ಲೋಕಕ್ಕೆಲ್ಲ ಬೆನ್ನು ಹಾಕಿ ಕೂರುತ್ತಿದ್ದರು. ಹೆತ್ತ ಮಗನಿಗೂ ಅವರು ಆ ಕೆಲಸ ತೋರಿಸಲಿಲ್ಲ. ಅಪ್ಪನ ಬೆನ್ನು ನೋಡಿ ನೋಡಿ ಬೇಸತ್ತ ಮಗ ಕತ್ತರಿ ಬಿಟ್ಟು ಬಸ್ಸಿನ ಸ್ಟೇರಿಂಗ್ ಹಿಡಿದ.

ಸೊಸೆ ಮದುವೆಯಾಗಿ ಮನೆಗೆ ಬಂದ ಮೊದಲ ವಾರ ಅಂಗಡಿಯಲ್ಲಿ ನೇತುಹಾಕಿದ್ದ ಅಂಗಿಯೊಂದನ್ನು ಕೊಂಡು ತೊಟ್ಟಿದ್ದಳು. ಮೇಷ್ಟ್ರು ಕನ್ನಡಕ ಏರಿಸಿ ಭುಜದ ಹೊಲಿಗೆ ನೋಡಿ, ಕನ್ನಡಕ ಇಳಿಸಿ, "ರೆಡಿಮೇಡು" ಎಂದರು. ಅಂದಿನಿಂದ ಅದೇ ಅವಳ ಹೆಸರಾಯಿತು. ಹನ್ನೆರಡು ವರ್ಷದಲ್ಲಿ ಅವಳು ನನಗೊಂದು ಹೊಲಿದುಕೊಡಿ ಎಂದು ಕೇಳಲಿಲ್ಲ, ಅವರು ಹೊಲಿಯಲೂ ಇಲ್ಲ. ಇಬ್ಬರದೂ ಒಂದೇ ಹಟ, ಅತ್ತೆ ಮಾತ್ರ ನಡುವೆ ನಿಂತು ನಗುತ್ತಿದ್ದರು.

ಈಗ ಮೇಷ್ಟ್ರ ಬಲಗೈ ನಡುಗಲು ಶುರುವಾಗಿತ್ತು. ಈ ತಿಂಗಳು ಕಳೆದರೆ ಸೂಜಿ ಮುಟ್ಟುವುದಿಲ್ಲ ಎಂದು ಅವರೇ ಹೇಳಿಬಿಟ್ಟಿದ್ದರು. ತೋಳಿನ ವಿದ್ಯೆ ಅವರ ಜೊತೆಗೇ ಮುಗಿಯುವುದು ಸೊಸೆಗೆ ಬೇಕಿರಲಿಲ್ಲ. ವರ್ಷವಿಡೀ ಗೋಗರೆದು ಅವಳು ಅವರನ್ನು ವೆಬಿನಾರಿಗೆ ಒಪ್ಪಿಸಿದ್ದಳು. ಮೇಷ್ಟ್ರು ತಮ್ಮ ಅಂಗಡಿಯಲ್ಲೇ ಕ್ಯಾಮೆರಾ ಮುಂದೆ ಕೂತು ಪಾಠ ಮಾಡಬೇಕು, ಅವಳು ಕಚೇರಿಯಲ್ಲಿ ಕೂತು ರೆಕಾರ್ಡ್ ಮಾಡಬೇಕು, ಆಮೇಲೆ ಅದನ್ನು ಸಂಘದ ಒಂಬತ್ತು ಶಾಖೆಗಳಿಗೂ ಕಳಿಸಬೇಕು. ಒಟ್ಟು ಹನ್ನೆರಡು ಪಾಠ. ಮೇಷ್ಟ್ರದೂ ಒಂದು ಷರತ್ತಿತ್ತು: ಮೊದಲ ಹನ್ನೊಂದು ಪಾಠ ಒಂಬತ್ತೂ ಕಡೆ ಸರಿಯಾಗಿ ತಲುಪಿದರೆ ಮಾತ್ರ ಹನ್ನೆರಡನೆಯದು. ಹನ್ನೆರಡನೆಯದೇ ತೋಳು.

ಹನ್ನೊಂದು ಪಾಠ ಸುಸೂತ್ರವಾಗಿ ಮುಗಿದವು. ಉಳಿಸಲು ಹೋದಾಗ ಕಂಪ್ಯೂಟರ್ ಒಂದು ಪಟ್ಟಿ ಮುಂದಿಟ್ಟು, ಯಾವ ಫಾರ್ಮ್ಯಾಟಿನಲ್ಲಿ ಬೇಕು ಎಂದು ಕೇಳಿತು. ಎವಿಐ, ಡಬ್ಲ್ಯುಎಂವಿ, ಎಂಒವಿ, ಎಂಪಿಫೋರ್. ಒಂದೇ ಪಾಠ, ನಾಲ್ಕು ಬಗೆಯ ಪೊಟ್ಟಣ. ಇಂಥ ದೊಡ್ಡ ವಿಷಯವನ್ನು ಗುಮಾಸ್ತೆ ಒಬ್ಬಳೇ ತೀರ್ಮಾನಿಸುವುದು ಎಲ್ಲಾದರೂ ಉಂಟೇ? ಸಮಿತಿ ಸೇರಿತು.

"ಇದರಲ್ಲಿ ಯಾವುದು ಭಾರ?" ಎಂದರು ಅಧ್ಯಕ್ಷರು. ಅವರು ಅಂಗಿ ಹೊಲಿಯುವವರು.

"ಎವಿಐ ಸರ್. ಒಂದು ಪಾಠಕ್ಕೆ ಮೂರು ಜಿಬಿ. ಎಂಪಿಫೋರ್ ಅದರಲ್ಲಿ ಹತ್ತರಲ್ಲೊಂದು ಭಾಗನೂ ಇಲ್ಲ."

"ಮತ್ತಿನ್ನೇನು! ಕೈಗೆ ತೂಕ ಹತ್ತಿದ್ರೇನೇ ಬಟ್ಟೆ. ತೆಳ್ಳಗಿರೋದು ಒಂದು ಒಗೆತಕ್ಕೆ ಬಣ್ಣ ಬಿಡುತ್ತೆ."

"ಎಂಪಿಫೋರ್ ಅನ್ನೋದು ಲೈನಿಂಗ್ ಬಟ್ಟೆ ಥರ ಇರ್ಬೇಕು," ಎಂದರು ಪರದೆ ಹೊಲಿಯುವ ಉಪಾಧ್ಯಕ್ಷರು.

"ಸರ್, ಭಾರ ಇದ್ರೆ ಹಳೇ ಕಂಪ್ಯೂಟರಲ್ಲಿ..." ಎಂದು ಗುಮಾಸ್ತೆ ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಕೈಗಳೂ ಮೇಲೆದ್ದಿದ್ದವು. ಎವಿಐ ಅವಿರೋಧವಾಗಿ ಆರಿಸಿಬಂತು. ಒಂಬತ್ತು ಪೆನ್ ಡ್ರೈವ್‌ಗಳು ಚಿಂದಿ ಬಟ್ಟೆಯಲ್ಲಿ ಸುತ್ತಿಸಿಕೊಂಡು, ಗುಂಡಿ ಡಬ್ಬಿಗಳಲ್ಲಿ ಕೂತು, ಅಂಚೆಯಲ್ಲಿ ಹೊರಟವು.

ಮೂರನೇ ದಿನದಿಂದ ಫೋನು ಬಡಿದುಕೊಳ್ಳತೊಡಗಿತು.

"ಅಕ್ಕಾ, ಇಲ್ಲಿ ಬರೀ ಧ್ವನಿ ಬರ್ತಿದೆ. ರೇಡಿಯೋ ಥರ ಕೇಳ್ತಾ ಕೂತಿದ್ದೀವಿ. ಮೇಷ್ಟ್ರು 'ಇಲ್ಲಿ ಕತ್ತರಿಸಿ' ಅಂತಾರೆ. ಎಲ್ಲಿ ಅಂತ ಗೊತ್ತಾಗ್ದೆ ಒಬ್ಬಳು ಮೇಜಿನ ಮೇಲಿನ ಬಟ್ಟೆನೇ ಕತ್ತರಿಸಿದ್ಲು."

"ನಮ್ಮಲ್ಲಿ ಮೇಷ್ಟ್ರು ಕಾಣ್ತಾರೆ, ಮಾತಾಡಲ್ಲ. ಮುಖ ಬೇರೆ ಹಸಿರು. ಹುಷಾರಾಗಿದ್ದಾರೆ ತಾನೇ?"

"ನಮ್ಮ ಕಂಪ್ಯೂಟರ್ ನಿಂತೇ ಹೋಗಿದೆ ಅಕ್ಕಾ. ಮೇಷ್ಟ್ರು ಅಡಿಕೋಲು ಎತ್ತಿದವರು ನಿನ್ನೆಯಿಂದ ಇಳಿಸೇ ಇಲ್ಲ. ಹೊಸ ಹುಡುಗಿಯರು ಹೆದರಿ ಆ ಕೋಣೆಗೇ ಹೋಗ್ತಿಲ್ಲ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ಒಂಬತ್ತು ಶಾಖೆಗೆ ಒಂಬತ್ತು ಬಗೆಯ ಕಂಪ್ಯೂಟರ್. ಒಂದು ಯಾರೋ ದಾನ ಕೊಟ್ಟದ್ದು, ಇನ್ನೊಂದು ಯಾರೋ ಎಸೆದದ್ದು, ಮತ್ತೊಂದು ಏನೆಂದು ಹೇಳುವವರೇ ಇಲ್ಲ. ಸಮಿತಿಯವರನ್ನು ಕೇಳಿದರೆ, ಮೂಗಿಗಿಂತ ಮೂಗುತಿ ಭಾರ ಆಯ್ತು ನೋಡಮ್ಮ, ನೀನಾದರೂ ಹೇಳಬಾರದಿತ್ತೇ, ಎಂದು ಅವಳ ಮೇಲೇ ಹಾಕಿದರು.

ಸುದ್ದಿಯನ್ನು ಮಾವನಿಂದ ಬಚ್ಚಿಡಬೇಕೆಂದಿದ್ದಳು. ಆದರೆ ಹಸಿರು ಮುಖದ ಶಾಖೆಯವರು ಯೋಗಕ್ಷೇಮ ವಿಚಾರಿಸಲು ನೇರವಾಗಿ ಅಂಗಡಿಗೇ ಫೋನು ಮಾಡಿ, ಉಳಿದ ಶಾಖೆಗಳ ಕತೆಯನ್ನೂ ಹೇಳಿದ್ದರು. ಸಂಜೆ ಸೊಸೆ ಒಳಗೆ ಕಾಲಿಟ್ಟಾಗ ಮೇಷ್ಟ್ರು ಇಸ್ತ್ರಿಪೆಟ್ಟಿಗೆಗಿಂತ ಬಿಸಿಯಾಗಿದ್ದರು.

"ಒಂದು ಕಡೆ ಮೂಗ, ಒಂದು ಕಡೆ ಮಾಯ, ಒಂದು ಕಡೆ ರಾಕ್ಷಸ! ಐವತ್ತು ವರ್ಷ ದುಡಿದು ಈ ಹೆಸರು ತಗೊಳ್ಬೇಕಿತ್ತಾ ನಾನು?"

"ಮಾವ, ಅದು ಫಾರ್ಮ್ಯಾಟಿನ ತೊಂದರೆ..."

"ಎಲ್ಲರ ಮೈಗೂ ಒಂದೇ ಅಂಗಿ ಅಂತ ಕಳಿಸಿದ್ದೀಯ. ರೆಡಿಮೇಡು ಬುದ್ಧಿ! ಕಚ್ಚಾ ಹೊಲಿಗೆ ಹಾಕಿ, ಒಬ್ಬೊಬ್ಬರಿಗೂ ಟ್ರಯಲ್ ನೋಡದೆ ಯಾರಾದ್ರೂ ಕೋಟು ಕೊಡ್ತಾರಾ? ತೋಳೂ ಇಲ್ಲ ಗೀಳೂ ಇಲ್ಲ. ಮುಗೀತು."

ಅವರು ಗೋಡೆ ಕಡೆ ತಿರುಗಿ ಕೂತರು. ಸೊಸೆಗೆ ಕಣ್ಣು ತುಂಬಿತು. ಆದರೆ ಬೈಗುಳದ ನಡುವೆ ಬಿದ್ದ ಒಂದು ಮಾತನ್ನು ಅವಳು ಗಬಕ್ಕನೆ ಹಿಡಿದುಕೊಂಡಳು. ಟ್ರಯಲ್. ಇಷ್ಟು ಸಣ್ಣ ವಿಷಯ ಒಂದು ಸಂಘದ ದರ್ಜಿಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ!

ಮರುದಿನ ಬೆಳಿಗ್ಗೆ ಕಚೇರಿಗೆ ಹೋದವಳೇ ಒಂದು ನಿಮಿಷದ ತುಂಡು ಹುಡುಕತೊಡಗಿದಳು. ಪಾಠದ ನಡುವಿನ ತುಂಡು ಕಳಿಸಿದರೆ ಅದನ್ನೇ ಕಲಿತು ಕೋಟು ಹೊಲಿಯಲು ಹೊರಡುವ ಜನ ಇದ್ದಾರೆಂದು ಅವಳಿಗೆ ಗೊತ್ತಿತ್ತು. ಏಳನೇ ಪಾಠದ ಕೊನೆಯಲ್ಲಿ ಪಾಠವಿಲ್ಲದ ಒಂದು ನಿಮಿಷ ಸಿಕ್ಕಿತು. ಆ ದಿನ ಪಾಠ ಮುಗಿದ ಮೇಲೆ ಯಾರದೋ ಫೋನು ಬಂದು, ರೆಕಾರ್ಡಿಂಗ್ ನಿಲ್ಲಿಸುವುದನ್ನು ಅವಳು ಮರೆತಿದ್ದಳು. ಮಾವ ಟೇಪು ಸುತ್ತುತ್ತಾ ಅತ್ತೆಯ ಕಡೆ ತಿರುಗಿ ಏನೋ ಹೇಳುತ್ತಿದ್ದರು. ಕಚೇರಿಯ ಪಕ್ಕದ ಹೊಲಿಗೆ ಹಾಲಿನಲ್ಲಿ ಇಪ್ಪತ್ತು ಮಿಷಿನ್ನುಗಳು ಕಟಕಟ ಎನ್ನುತ್ತಾ ಆ ಮಾತನ್ನು ಮುಚ್ಚಿಹಾಕಿದ್ದವು. ಸೀಮೆಸುಣ್ಣ ಎಲ್ಲಿ ಎಂದು ಕೇಳುತ್ತಿರಬೇಕು ಎಂದುಕೊಂಡು ಅವಳು ಅದನ್ನು ಕೇಳಿಸಿಕೊಳ್ಳಲೂ ಹೋಗದೆ ಕತ್ತರಿಸಿದಳು. ಅದನ್ನೇ ನಾಲ್ಕು ಫಾರ್ಮ್ಯಾಟಿನಲ್ಲಿ ಮಾಡಿ ಒಂಬತ್ತು ಶಾಖೆಗೂ ಮೇಲ್ ಕಳಿಸಿದಳು.

ಜೊತೆಗೊಂದು ಸೂಚನೆಯನ್ನೂ ಬರೆದಳು. 'ಚೆನ್ನಾಗಿದೆ' ಎಂದು ಬರೆದರೆ ನಾನು ನಂಬುವುದಿಲ್ಲ. ಯಾವುದು ಓಡಿತು, ಮತ್ತು ಮೇಷ್ಟ್ರು ಕೊನೆಗೆ ಏನೆಂದರು, ಅದನ್ನು ಬರೆಯಿರಿ, ಎಂದು. ಇದು ಅತಿಯೆಂದು ನಿಮಗೆ ಅನ್ನಿಸಬಹುದು. ಆದರೆ 'ನಾಳೆ ಬನ್ನಿ, ರೆಡಿ ಇರುತ್ತೆ' ಎಂದು ಜೀವಮಾನವಿಡೀ ಹೇಳಿದವರ ಬಾಯಿಮಾತನ್ನು ಹೇಗೆ ನಂಬುವುದು?

ಹತ್ತೂವರೆಗೆ ಮೊದಲ ಉತ್ತರ ಬಂತು. 'ನಾಲ್ಕನೆಯದು ಓಡಿತು, ಎಂಪಿಫೋರ್. ಮೇಷ್ಟ್ರ ಕೊನೆಯ ಮಾತು: ತಲೆ ಮೇಲೆ ಕೂತ್ಕೋತಾಳೆ.'

ಗುಮಾಸ್ತೆ ಎರಡು ಸಲ ಓದಿದಳು. ಸೀಮೆಸುಣ್ಣಕ್ಕೂ ತಲೆಗೂ ಏನು ಸಂಬಂಧ?

ಎರಡನೆಯದು ಹಸಿರು ಮುಖದ ಶಾಖೆಯದು. 'ಎಂಪಿಫೋರ್ ಸರಿಯಾಗಿದೆ, ಮುಖವೂ ಮನುಷ್ಯರ ಬಣ್ಣಕ್ಕೆ ಬಂದಿದೆ. ಕೊನೆಯ ಮಾತು: ಅವಳ ಮುಂದೆ ಹೇಳ್ಬೇಡ, ತಲೆ ಮೇಲೆ ಕೂತ್ಕೋತಾಳೆ. ಅಕ್ಕಾ, ನಮಗೆಲ್ಲ ತುಂಬಾ ಖುಷಿಯಾಯಿತು.'

ಮೂರನೆಯದರಲ್ಲಿ ಎಂಪಿಫೋರ್ ಎಂಬ ಒಂದು ಪದ, ಆಮೇಲೆ ಬರೀ ಹೂವಿನ ಚಿತ್ರಗಳು.

ಅವಳು ಹಾಲಿಗೆ ಓಡಿ, ಯಾರದೋ ಇಯರ್‌ಫೋನ್ ಕಸಿದು ತಂದು ಕಿವಿಗೆ ಸಿಕ್ಕಿಸಿದಳು. ಮಾವ ಟೇಪು ಸುತ್ತುತ್ತಾ ಅತ್ತೆಗೆ ಹೇಳುತ್ತಿದ್ದರು: "ನಾನು ಐವತ್ತು ವರ್ಷ ಗೋಡೆ ನೋಡ್ಕೊಂಡು ಕೂತೆ ಕಣೇ. ನನ್ನನ್ನ ಜನರ ಕಡೆ ತಿರುಗಿಸಿದ್ದು ಈ ಹುಡುಗಿ. ಹೆತ್ತ ಮಗನ ಕೈಲಿ ಆಗ್ಲಿಲ್ಲ. ಇವಳು ಬರದೆ ಇದ್ದಿದ್ರೆ ನನ್ನ ವಿದ್ಯೆನೂ ನನ್ನ ಜೊತೆ ಮಣ್ಣಾಗ್ತಿತ್ತು. ನಮ್ಮನೆಗೆ ಒಳ್ಳೇ ಬಟ್ಟೆ ಬಂತು, ನಾನೇ ಅಳತೆ ತಪ್ಪಿದ್ದು. ಅವಳ ಮುಂದೆ ಹೇಳ್ಬೇಡ, ತಲೆ ಮೇಲೆ ಕೂತ್ಕೋತಾಳೆ."

ಹನ್ನೆರಡು ವರ್ಷದಲ್ಲಿ ಅವಳು ಕೇಳದೇ ಇದ್ದ ಮಾತು ಅದು. ಅದನ್ನು ಒಂಬತ್ತು ಶಾಖೆಗೆ, ನಾಲ್ಕು ಫಾರ್ಮ್ಯಾಟಿನಲ್ಲಿ, ಅವಳೇ ಕೈಯಾರೆ ಹಂಚಿದ್ದಳು. ಅಳು ಬಂತು, ನಗು ಬಂತು, ಅದರ ಬೆನ್ನಿಗೇ ಭಯವೂ ಬಂತು. ಮಾವನಿಗೆ ಗೊತ್ತಾದರೆ ತೋಳಿನ ಪಾಠವಿರಲಿ, ಅಂಗಡಿಯ ಬಾಗಿಲನ್ನೂ ತೆರೆಯುವುದಿಲ್ಲ.

ಆದರೂ ಕೆಲಸ ನಿಲ್ಲಿಸಲಿಲ್ಲ. ಮಧ್ಯಾಹ್ನದೊಳಗೆ ಎಂಟು ಶಾಖೆಗಳು ಎಂಪಿಫೋರ್ ಎಂದವು. ಒಂಬತ್ತನೆಯದು ಅಡಿಕೋಲಿನ ಶಾಖೆ. ಅಲ್ಲಿಯ ಮುದಿ ಕಂಪ್ಯೂಟರಿಗೆ ಅದೂ ಭಾರವಾಗಿತ್ತು. ಚಿತ್ರದ ಅಳತೆಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿದಳು. ಅಲ್ಲೂ ಓಡಿತು. ಅತಿ ಕಷ್ಟದ ಮೈಗೆ ಕೂತದ್ದು ಎಲ್ಲರಿಗೂ ಕೂತೀತೆಂದು ಹನ್ನೊಂದು ಪಾಠಗಳನ್ನೂ ಅದೇ ಅಳತೆಯಲ್ಲಿ ಉಳಿಸಿ ಮತ್ತೆ ಅಂಚೆಗೆ ಹಾಕಿದಳು. ಲೈನಿಂಗ್ ಬಟ್ಟೆಯೇ ಕೊನೆಗೆ ಮಾನ ಮುಚ್ಚಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಸಂಜೆ ಅಂಗಡಿ ಮುಟ್ಟುವ ಮೊದಲೇ ಅಧ್ಯಕ್ಷರು ಮೇಷ್ಟ್ರಿಗೆ ಫೋನು ಮಾಡಿ ಮನಸಾರೆ ನಕ್ಕಿದ್ದರು. ಮೇಷ್ಟ್ರು ಗೋಡೆ ಕಡೆ ತಿರುಗಿ ಕೂತಿದ್ದರು. ಅತ್ತೆ ಮೂಲೆಯಲ್ಲಿ ಗುಂಡಿ ಆರಿಸುವ ನೆಪದಲ್ಲಿ ಬಾಯಿ ಬಿಗಿ ಹಿಡಿದಿದ್ದರು.

"ಒಂಬತ್ತು ಕಡೆನೂ ಕೇಳಿಸ್ತಾ?" ಎಂದಿತು ಬೆನ್ನು.

"ಕೇಳಿಸ್ತು ಮಾವ."

"ಸ್ಪಷ್ಟವಾಗಿ?"

"ಒಂದಕ್ಷರ ಬಿಡದೆ ಬರೆದು ಕಳಿಸಿದ್ದಾರೆ."

ಬೆನ್ನು ಒಮ್ಮೆ ಕೆಮ್ಮಿತು.

"ಹಾಗಾದ್ರೆ ಟ್ರಯಲ್ ಸರಿಯಾಯ್ತು," ಎಂದರು ಮೇಷ್ಟ್ರು. "ಶನಿವಾರ ತೋಳು. ನೀನು ಕಚೇರಿಯಲ್ಲಿ ಕೂರಬೇಡ. ನಿಲ್ಲಿಸೋದು ಮರೀತೀಯ. ಇಲ್ಲೇ ನನ್ನ ಪಕ್ಕದಲ್ಲಿ ಕೂತ್ಕೋ."

ಶನಿವಾರ ಅವರು ಗೋಡೆಗೆ ಬೆನ್ನು ಹಾಕಿ ಕೂತರು; ಈ ಸಲ ಸೊಸೆ ಅಂಗಡಿಯ ಕ್ಯಾಮೆರಾದಲ್ಲೇ ರೆಕಾರ್ಡ್ ಶುರು ಮಾಡಿದಳು. ನೀಲಿ ಬಟ್ಟೆಯ, ತೋಳಿಲ್ಲದ ಒಂದು ಹೆಂಗಸರ ಕೋಟು ಮುಂದಿತ್ತು. ಕೈ ನಡುಗಿದಾಗ ನಿಲ್ಲಿಸಿದರು, ನಡುಕ ನಿಂತಾಗ ಹೊಲಿದರು. ತೋಳಿನ ಬಟ್ಟೆಯನ್ನು ಎಳೆಯದೆ, ಬೆರಳಿನ ತುದಿಯಲ್ಲಿ ಒಂದೊಂದು ಎಳೆಯಷ್ಟೇ ಒಳಗೆ ದೂಡುತ್ತಾ ಕೂಡಿಸುವುದನ್ನು ಸೊಸೆ ಒಂದು ಮೊಳ ದೂರದಿಂದ ನೋಡಿದಳು. ಮುಚ್ಚಿಡುವಂಥದ್ದು ಅದರಲ್ಲೇನೂ ಇರಲಿಲ್ಲ, ತಾಳ್ಮೆಯೊಂದು ಬೇಕಿತ್ತು.

ದಾರ ಕಡಿದು ಮೇಷ್ಟ್ರು ಕೇಳಿದರು, "ನಿಲ್ಲಿಸಿದ್ಯಾ?"

"ಇನ್ನೂ ಇಲ್ಲ ಮಾವ."

"ಇರಲಿ ಬಿಡು. ಅವರೂ ನೋಡಲಿ." ಅವರು ಕೋಟನ್ನು ಕೊಡವಿ ಅವಳ ಕಡೆ ಚಾಚಿದರು. "ಹಾಕ್ಕೊಂಡು ನೋಡು. ಅಳತೆ ತಗೊಂಡಿಲ್ಲ, ಹನ್ನೆರಡು ವರ್ಷದಿಂದ ಕಣ್ಣಲ್ಲೇ ಇತ್ತು."

ಸೊಸೆ ತೊಟ್ಟಳು. ಕನ್ನಡಿ ಕಡೆ ತಿರುಗಿ ಭುಜ ನೋಡಿಕೊಂಡಳು. ಒಂದು ಸುಕ್ಕೂ ಇರಲಿಲ್ಲ.