ಹುಡುಕುವುದನ್ನು ಬಿಟ್ಟವರ ಲೆಕ್ಕ

ನಿರುದ್ಯೋಗದ ಸರ್ವೆ ಮಾಡುವವಳಿಗೆ ಆ ಮೂರನೆಯ ಮಹಡಿಯ ಮನೆ ಹೊಸದೇನಲ್ಲ. ಮೂರು ತಿಂಗಳಿಗೊಮ್ಮೆ ಅದೇ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳಬೇಕು. ನಾಲ್ಕು ಸಲವಾದರೆ ಆ ಮನೆಯ ಋಣ ಹರಿದಂತೆ. ಇದು ನಾಲ್ಕನೆಯದು. ಈ ಸಲವಾದರೂ ಆ ಮನುಷ್ಯನಿಗೆ ಕೆಲಸ ಸಿಕ್ಕಿರಲಪ್ಪಾ ದೇವರೇ ಎಂದುಕೊಳ್ಳುತ್ತಲೇ ಮೆಟ್ಟಿಲು ಹತ್ತಿದಳು.

ಎಲ್ಲಿಯ ಕೆಲಸ, ಎಲ್ಲಿಯ ಮಾತು. ಬಾಗಿಲು ತೆರೆದದ್ದು ಅವನೇ. ಹಗಲು ಹನ್ನೊಂದಕ್ಕೆ ಮನೆಯ ಗಂಡಸು ಬಾಗಿಲು ತೆರೆದರೆ ಅರ್ಧ ಫಾರಂ ತಾನಾಗಿಯೇ ತುಂಬಿದ ಹಾಗೆ. ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಟರ್ನರ್ ಆಗಿ ಲೇತ್ ಮೆಷಿನಿನ ಮುಂದೆ ನಿಂತು ಕಬ್ಬಿಣ ಕಡೆದವನು. ಕಾರ್ಖಾನೆ ಮುಚ್ಚಿ ವರ್ಷವಾಯಿತು. ನೆಲಕ್ಕೆ ಹಳೆಯ ಪೇಪರು ಹಾಸಿ ಟೇಬಲ್ ಫ್ಯಾನು ಬಿಚ್ಚಿ ಹರವಿಕೊಂಡಿದ್ದ.

"ಕೆಟ್ಟಿತ್ತಾ ಅಂಕಲ್?"

"ಎಲ್ಲಿ ಕೆಟ್ಟಿತ್ತು, ಚೆನ್ನಾಗೇ ತಿರುಗ್ತಿತ್ತು," ಅಂದಳು ಅಡುಗೆಮನೆ ಬಾಗಿಲಿನಿಂದ ಅವನ ಹೆಂಡತಿ. "ಕೆಟ್ಟಿರೋದೆಲ್ಲ ರಿಪೇರಿ ಆಗಿ ಮುಗೀತು, ಈಗ ಸರಿ ಇರೋದ್ರ ಸರದಿ. ಇನ್ನು ಉಳಿದಿರೋಳು ನಾನೊಬ್ಬಳೇ."

ಮೂವರೂ ನಕ್ಕರು. ಸರ್ವೆಯವಳು ಫೋನಿನಲ್ಲಿ ಫಾರಂ ತೆರೆದು ಕೂತಳು. ಕಳೆದ ವಾರ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ? ಇಲ್ಲ. ಸಿಕ್ಕರೆ ಮಾಡುತ್ತೀರಾ? ಈ ಕ್ಷಣಾನೇ. ಕಳೆದ ಒಂದು ತಿಂಗಳಲ್ಲಿ ಕೆಲಸ ಹುಡುಕಿದಿರಾ?

"ಇಲ್ಲಮ್ಮ."

ಅವಳ ಬೆರಳು ಅಲ್ಲೇ ನಿಂತಿತು. ಇದಕ್ಕೆ ಇಲ್ಲ ಎಂದು ಒತ್ತಿದರೆ ಫಾರಂ ಮುಗಿಯಿತು. ಕೆಲಸ ಹುಡುಕದವನು ಸರ್ವೆಯ ಲೆಕ್ಕದಲ್ಲಿ ನಿರುದ್ಯೋಗಿಯೂ ಅಲ್ಲ. ಪಿಂಚಣಿದಾರರ, ಹಾಸಿಗೆ ಹಿಡಿದವರ ಗುಂಪಿಗೆ ಸೇರಿಬಿಡುತ್ತಾನೆ. ಈ ಬೀದಿಯೊಂದರಲ್ಲೇ ಈ ವಾರ ಹನ್ನೊಂದು ಮಂದಿ ಹಾಗೆ ಜಾರಿಹೋಗಿದ್ದರು. ಮುಂದಿನ ತಿಂಗಳು ನಗರದಲ್ಲಿ ನಿರುದ್ಯೋಗ ಇಳಿಯಿತೆಂದು ಸುದ್ದಿ ಬರುತ್ತದೆ. ಸುಳ್ಳು ಒತ್ತೋಣವೆಂದರೆ ಆಮೇಲೆ ಆಫೀಸಿನವರು ಫೋನ್ ಮಾಡಿ ವಿಚಾರಿಸುತ್ತಾರೆ, ಈ ಪುಣ್ಯಾತ್ಮ ಸುಳ್ಳು ಹೇಳುವ ಜಾಯಮಾನದವನಲ್ಲ. ಇವನೊಬ್ಬನನ್ನಾದರೂ ಲೆಕ್ಕದಲ್ಲಿ ಉಳಿಸಿಕೊಳ್ಳಲೇಬೇಕು ಎನ್ನಿಸಿತು.

"ನೆನಪು ಮಾಡ್ಕೊಳ್ಳಿ ಅಂಕಲ್. ಅರ್ಜಿನೇ ಹಾಕಿರ್ಬೇಕು ಅಂತಿಲ್ಲ. ಗುರುತಿರೋರನ್ನ ಒಂದು ಮಾತು ಕೇಳಿದ್ರೂ ಸಾಕು."

"ಕೇಳೋದು ಬಿಟ್ಟೆನಮ್ಮ. ಎಲ್ಲರೂ ಒಳ್ಳೆಯೋರೇ. ಇಲ್ಲ ಅನ್ನೋಕೆ ಪಾಪ, ಅವರು ಒದ್ದಾಡೋದನ್ನ ನೋಡೋಕಾಗಲ್ಲ."

"ಇವತ್ತು ಕೇಳಿದ್ರೂ ನಡೆಯುತ್ತೆ. ಯಾರನ್ನಾದ್ರೂ ಸರಿ, ಈಗ್ಲೇ ಕೇಳಿ," ಅಂದುಬಿಟ್ಟಳು.

ಟರ್ನರ್ ತಲೆ ಎತ್ತಿದ. ಹೆಂಡತಿ ಒಲೆ ಆರಿಸಿ ಬಂದು ಅವನ ಪಕ್ಕ ನಿಂತಳು. ಅವನು ಬಟ್ಟೆಗೆ ಕೈ ಒರೆಸಿಕೊಂಡು ಎದ್ದ, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡ.

"ನಿಮ್ಮ ಆಫೀಸಲ್ಲಿ ಏನಾದ್ರೂ ಇದೆಯಾ ಮೇಡಂ? ಇಂಥದ್ದೇ ಅಂತಿಲ್ಲ. ಗೇಟು ಕಾಯೋದಾದ್ರೂ ಆಗುತ್ತೆ."

ಇಷ್ಟು ಸಲ ಬಂದರೂ ಅವನು ಅವಳನ್ನು ಮೇಡಂ ಎಂದವನಲ್ಲ. ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ಇಲ್ಲ ಅಂಕಲ್," ಅಂದಳು. "ನಾನು ಫಾರಂಗೋಸ್ಕರ ಹೇಳಿದ್ದು."

"ಓ, ಫಾರಂಗಾ."

ಹೆಂಡತಿ ಒಳಗೆ ಹೋದಳು. ಅವನು ಮತ್ತೆ ನೆಲದ ಮೇಲೆ ಕೂತು ಒಂದು ತಿರುಪು ಕೈಗೆತ್ತಿಕೊಂಡ.

"ಬರ್ಕೊಳ್ಳಮ್ಮ," ಅಂದ. "ಈಗ ಕೇಳಿದೆನಲ್ಲ."