ಉಷ್ಣದ ಮಾತ್ರೆ

ನಮ್ಮ ಮನೆಯಲ್ಲಿ ಯಾರ ಬಾಯಿ ಹುಣ್ಣಾದರೂ ಕಾರಣ ಒಂದೇ: ಉಷ್ಣ. ತಮ್ಮ ಅಶೋಕನ ನಾಲಿಗೆ ಮೇಲೆ ಮೊಸರು ಮೆತ್ತಿದ ಹಾಗೆ ಬೆಳ್ಳಗೆ ಕಟ್ಟಿಕೊಂಡು, ಕೆರೆದರೆ ರಕ್ತ ಬಂದು, ನಾಲ್ಕು ದಿನದಿಂದ ಗಂಜಿಯೂ ಗಂಟಲಲ್ಲಿ ಇಳಿಯದಿದ್ದಾಗಲೂ ಅವ್ವ ಅದನ್ನೇ ಹೇಳಿದಳು. ವರ್ಷದ ಹಿಂದೆ ತನ್ನ ಕಿಡ್ನಿಯನ್ನೇ ಅವನಿಗೆ ಕೊಟ್ಟವಳಿಗೆ ನಾನು ಏನು ತಾನೇ ಹೇಳಲಿ?

ಆದರೂ ಹೇಳಿದೆ. ಹೇಳಿ ಹೇಳಿ ಸಾಕಾಯಿತು.

"ಅವ್ವ, ಆಸ್ಪತ್ರೆಗೆ ತೋರ್ಸಾಣ. ಅವ್ನಿಗೆ ಸೋಂಕು ತಡ್ಕೊಳೋ ಶಕ್ತಿ ಕಮ್ಮಿ ಅಂತ ಡಾಕ್ಟ್ರು ಹೇಳಿರ್ಲಿಲ್ವಾ?"

"ಬರೀ ಉಷ್ಣ ಕಣೆ ಭಾನು. ತಂಪು ಮಾಡುದ್ರೆ ಹೋಯ್ತದೆ. ನೀನು ಸುಮ್ಕೆ ಕೆಲ್ಸಕ್ಕೆ ಹೋಗು."

ತಲೆಗೆ ಹರಳೆಣ್ಣೆ, ಹೊಟ್ಟೆಗೆ ಕಾಮಕಸ್ತೂರಿ ಬೀಜದ ನೀರು. ಪಕ್ಕದ ಮನೆಯ ಮಂಚಮ್ಮನೂ ಬಂದು ಮೆಂತ್ಯ ನೆನೆಸಿ ಕೊಡಿ ಅಂದು ಹೋದರು. ಇಡೀ ಸಿದ್ಧಾರ್ಥನಗರದಲ್ಲಿ ಡಾಕ್ಟರಲ್ಲದವಳು ನಾನೊಬ್ಬಳೇ ಇರಬೇಕು. ಐದನೆಯ ದಿನ ರೋಸಿಹೋಗಿ, ರಜೆ ಹಾಕಿ, ಇಬ್ಬರನ್ನೂ ಆಟೋಗೆ ಹತ್ತಿಸಿದೆ.

ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಫಂಗಸ್ ಕಣ್ರೀ. ಕಿಡ್ನಿ ಹಾಕಿಸ್ಕೊಂಡೋರಿಗೆ ಬರುತ್ತೆ. ಬಾಯಲ್ಲಿಟ್ಕೊಂಡು ನುಂಗೋ ಔಷಧಿ ಕೊಡ್ತೀನಿ, ವಾಸಿಯಾಗುತ್ತೆ."

ನನಗೆ ಹೋದ ಜೀವ ಬಂತು. ಆದರೆ ಅಲ್ಲೇ ಮಾಡಿಸಿದ ರಕ್ತ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಡಾಕ್ಟರ ಮುಖ ಗಂಭೀರವಾಯಿತು. "ಕಿಡ್ನಿ ಕೆಲಸ ಯಾಕೆ ಇಷ್ಟು ಕಮ್ಮಿಯಾಗಿದೆ? ಮಾತ್ರೆ ಸರಿಯಾಗಿ ತಗೋತಿದ್ರಾ?"

ಅಶೋಕ ಅವ್ವನ ಮುಖ ನೋಡಿದ. ಮಾತ್ರೆ ಕೊಡುವವಳು ಅವಳೇ. ಅವಳು ಅಂಗೈಗೆ ಹಾಕಿದ್ದನ್ನು ನೋಡದೆ ನುಂಗುವವನು ಅವನು.

"ಬಿಪಿದು ಕೊಟ್ಟೆ ಸಾ," ಅಂದಳು ಅವ್ವ. "ಕಿಡ್ನಿದು ಬಾಯಿ ಹುಣ್ಣಾದಾಗಿಂದ ನಿಲ್ಸ್‌ಬುಟ್ಟೆ. ಭಾಳ ಉಷ್ಣ ಅದು. ಮಗೀನ್ ಬಾಯೆಲ್ಲ ಬೆಂದೋಗಿತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಮಾತ್ರೆ ನಿಂತರೆ ಹಾಕಿದ ಕಿಡ್ನಿಯನ್ನು ಮೈಯೇ ಹಾಳುಮಾಡುತ್ತದೆ, ಈಗಲೇ ಅಡ್ಮಿಟ್ ಮಾಡಿ, ಉಳಿಯುತ್ತದೋ ಇಲ್ಲವೋ ಹೇಳಲಾರೆ ಎಂದರು. ಅವ್ವನ ಭುಜ ಹಿಡಿದು ಅಲುಗಾಡಿಸಿಬಿಡಬೇಕು ಅನ್ನುವಷ್ಟು ಸಿಟ್ಟು ಬಂತು ನನಗೆ. ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಅಲ್ಲೇ ಅಂದುಬಿಡುವವಳಿದ್ದೆ.

ಅಷ್ಟರಲ್ಲಿ ಅವ್ವ ಎದ್ದು ನಿಂತಳು. ಸೆರಗು ಸರಿಸಿ, ಗಾಯದ ಗುರುತಿಲ್ಲದ ಬಲಪಕ್ಕೆಯನ್ನು ಡಾಕ್ಟರಿಗೆ ತೋರಿಸಿದಳು.

"ಇನ್ನೊಂದು ಅದೆಯಲ್ಲ ಸಾ, ಇದ್ನೂ ತಕ್ಕಳಿ. ಈ ಸಲ ಮಾತ್ರೆ ಭಾನುನೇ ಕೊಡ್ಲಿ."