ಕೆಂಪು ಪಟ್ಟಿಯ ನಾಯಿಗಳು

"ಬಾಯಮ್ಮ, ಬೇಗ ಹೊರಡಿ. ಮಾರ್ಕೆಟಿನಲ್ಲಿ ಎಂತದೋ ಎಡವಟ್ಟಾಗಿದೆ," ಎಂದು ಲೋಲಾಕ್ಷಿ ಗೇಟಿನ ಹೊರಗಿನಿಂದಲೇ ಕೂಗಿದಳು.

ವೆರೊನಿಕಾ ಆಗಷ್ಟೇ ಮೊಣಕಾಲಿಗೆ ಎಣ್ಣೆ ತಿಕ್ಕಿ, ಹಾಲು ಹಾಕದ ಚಾದ ಲೋಟ ಕೈಗೆತ್ತಿಕೊಂಡಿದ್ದಳು. ಹದಿನಾಲ್ಕು ದಿನ ಬೆಳಿಗ್ಗೆ ಐದಕ್ಕೆ ಎದ್ದು ಓಡಾಡಿದವಳು ಇಂದು ಏಳರವರೆಗೆ ಮಲಗಿದ್ದಳು. ಇಂದು ಕೆಲಸ ಏನೂ ಇರಬಾರದಿತ್ತು.

"ಬಟ್ಯ ಬಂದನಾ?"

"ಬಂದಿದ್ದಾನೆ, ಸೆಕ್ರೆಟರಿಯೂ ಬಂದಿದ್ದಾರೆ. ಅದಲ್ಲ ವಿಷಯ. ನಾವು ಮುಟ್ಟದ ನಾಯಿಗಳ ಕುತ್ತಿಗೆಯಲ್ಲೂ ಕೆಂಪು ಪಟ್ಟಿ ಉಂಟು."

ವೆರೊನಿಕಾ ಲೋಟವನ್ನು ಜಗಲಿಯ ಮೇಲಿಟ್ಟು ಚಪ್ಪಲಿ ಹುಡುಕಿದಳು.

ಮೂರು ವಾರದ ಹಿಂದೆ ನೆಲ್ಲಿಪದವಿನ ಮಾರ್ಕೆಟಿಗೆ ಒಂದು ಹುಚ್ಚುನಾಯಿ ನುಗ್ಗಿತ್ತು. ಮೂವರನ್ನು ಕಚ್ಚಿತು, ಎದುರು ಸಿಕ್ಕಿದ ನಾಯಿಗಳನ್ನೂ ಕಚ್ಚಿತು, ಕೊನೆಗೆ ಶಾಲೆಯ ಹಿಂದೆ ಸತ್ತುಬಿತ್ತು. ಊರಿನ ನಾಯಿಗಳನ್ನೆಲ್ಲ ಕೊಲ್ಲಿಸುವುದೆಂದು ಪಂಚಾಯತು ನಿರ್ಣಯ ಮಾಡಿತು. ಕರೆಯದಿದ್ದರೂ ಆ ಸಭೆಗೆ ಹೋದ ಹೆಂಗಸರು ಇಬ್ಬರೇ. ಒಬ್ಬಳು ಕುವೈಟಿನಲ್ಲಿ ಹದಿನೆಂಟು ವರ್ಷ ನರ್ಸ್ ಆಗಿದ್ದು, ಯುದ್ಧದ ವರ್ಷ ಒಂದು ಚೀಲ ಹಿಡಿದುಕೊಂಡು ಊರಿಗೆ ಮರಳಿದ ವೆರೊನಿಕಾ. ಇನ್ನೊಬ್ಬಳು ಬೀಡಿ ಕಟ್ಟುವ ಲೋಲಾಕ್ಷಿ. ಯಾವ ನಾಯಿಯಾದರೂ ಲೋಲಾಕ್ಷಿ ನಾಲಿಗೆ ಚಪ್ಪರಿಸಿದರೆ ನಿಲ್ಲುತ್ತಿತ್ತು. ಗಾಡಿಯಡಿ ಸಿಕ್ಕಿದ ನಾಯಿ, ಕಾಲು ಮುರಿದ ಹೋರಿ, ಕೊಟ್ಟಿಗೆಯಿಂದ ಹೊರಹಾಕಿದ ಮುದಿ ದನ, ಹೀಗೆ ಆರು ವರ್ಷದಿಂದ ಇಬ್ಬರೂ ನೋಡಿಕೊಂಡು ಬಂದಿದ್ದರು. ಕುವೈಟಿನ ಯುದ್ಧದ ಪರಿಹಾರ ಕೊನೆಗೂ ಬಂದಾಗ ಮನೆಗೆ ಮಾಳಿಗೆ ಕಟ್ಟಿಸುವುದೆಂದು ತಮ್ಮ ರೆಜಿನಾಲ್ಡ್ ಕಲ್ಲು ಇಳಿಸಿದ್ದ. ಹಣ ಈ ಪ್ರಾಣಿಗಳಿಗೇ ಹೋಗಿ ಆ ಕಲ್ಲುಗಳ ಮೇಲೆ ಈಗ ಪಾಚಿ. ಕ್ರೈಸ್ತಳಾಗಿಯೂ ಮೀನು ತಿನ್ನುವುದನ್ನು ಬಿಟ್ಟ ಬಾಯಮ್ಮನೆಂದು ಮಾರ್ಕೆಟಿನಲ್ಲಿ ನಗುತ್ತಿದ್ದರು.

ಸಭೆಯಲ್ಲಿ ವೆರೊನಿಕಾ ನಾಯಿಗಳಿಗೆ ಹುಚ್ಚಿನ ಇಂಜೆಕ್ಷನ್ ಕೊಡಿಸಲು ಎರಡು ವಾರದ ಸಮಯ ಕೇಳಿದಳು. ಇಂಜೆಕ್ಷನಿನ ಖರ್ಚು ತನ್ನದು. ಮುಳ್ಳೇರಿಯದ ಮೃಗವೈದ್ಯ ಈಶ್ವರಪ್ರಸಾದರು ಸಂಜೆ ಬರಲು ಒಪ್ಪಿದ್ದಾರೆ. ಇಂಜೆಕ್ಷನ್ ಆದ ನಾಯಿಗೆ ಕೆಂಪು ಪಟ್ಟಿ ಕಟ್ಟುತ್ತೇವೆ, ಅವನ್ನು ಮುಟ್ಟಬಾರದು. ಸೆಕ್ರೆಟರಿ ಕೃಷ್ಣಕುಮಾರ ಕೆಟ್ಟ ಮನುಷ್ಯನಲ್ಲ. ಒಂದು ಕಾಗದ ಬರೆದ. ಪಟ್ಟಿಯಿಲ್ಲದ ಬೀದಿನಾಯಿಗಳನ್ನು ಕೊಲ್ಲಿಸಲು ಆಕ್ಷೇಪವಿಲ್ಲ ಎಂಬ ಸಾಲೂ ಅದರಲ್ಲಿತ್ತು. ವೆರೊನಿಕಾ ಆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದಳು.

ಹದಿನಾಲ್ಕು ದಿನದಲ್ಲಿ ಅರುವತ್ತಮೂರು ನಾಯಿಗಳಾದವು. ಕೆಲವು ಮಾತ್ರ ಕೈಗೆ ಸಿಗಲೇ ಇಲ್ಲ.

ಮಾರ್ಕೆಟಿನಲ್ಲಿ ಮೀನಿನ ಚಪ್ಪರದಡಿ, ಚಾದ ಅಂಗಡಿಯ ಬೂದಿಗುಂಡಿಯಲ್ಲಿ, ಬಸ್ಸು ನಿಲ್ಲುವ ಕಟ್ಟೆಯಲ್ಲಿ ನಾಯಿಗಳು ಎಂದಿನಂತೆ ಬಿದ್ದುಕೊಂಡಿದ್ದವು. ಎಲ್ಲದರ ಕುತ್ತಿಗೆಯಲ್ಲೂ ಕೆಂಪು. ಒಂದಕ್ಕೆ ಹರಿದ ಲಂಗದ ಅಂಚು, ಒಂದಕ್ಕೆ ಶಾಲೆಯ ಹುಡುಗಿಯರ ರಿಬ್ಬನ್ನು, ಒಂದಕ್ಕೆ ಪಾರ್ಟಿ ಬಾವುಟದ ತುಂಡು. ನಡುನಡುವೆ ಲೋಲಾಕ್ಷಿ ಹೊಲಿದ ನಿಜವಾದ ಪಟ್ಟಿಗಳೂ ಇದ್ದವು. ಕಳಚಿಬಿದ್ದ ಪಟ್ಟಿಗಳನ್ನು ಯಾರೋ ಹೆಕ್ಕಿ ಬೇರೆ ನಾಯಿಗಳಿಗೆ ಕಟ್ಟಿದ್ದರು.

ನಾಯಿ ಕೊಲ್ಲಲು ಪಂಚಾಯತು ಕರೆಸಿದ ಬಟ್ಯ ತಂತಿಯ ಉರುಳು ಸಿಕ್ಕಿಸಿದ ಬಿದಿರನ್ನು ಗೋಡೆಗೊರಗಿಸಿ ಕೂತಿದ್ದ. ಅರುವತ್ತು ದಾಟಿದ ಮನುಷ್ಯ. ಅವನ ಪಕ್ಕದಲ್ಲಿ ನಿಂತಿದ್ದ ಕೃಷ್ಣಕುಮಾರ ವೆರೊನಿಕಾಳನ್ನು ಕಂಡು ನಕ್ಕ.

"ಸಿಸ್ಟರ್, ನೂರಕ್ಕೆ ನೂರು ಮಾಡಿದ್ದೀರಿ ಅಂತ ಕಾಣ್ತದೆ. ಪಟ್ಟಿ ಇಲ್ಲದ್ದು ಒಂದೂ ಇಲ್ಲ. ಇವನನ್ನು ವಾಪಸು ಕಳಿಸುವುದಾ?"

ಮೀನು ಮಾರುವ ಅಕ್ಕು ಬುಟ್ಟಿಯ ಹಿಂದಿನಿಂದ ವೆರೊನಿಕಾಳನ್ನೇ ನೋಡುತ್ತಿದ್ದಳು. ಅವಳ ಕಾಲ ಬುಡದಲ್ಲಿ ಮಲಗಿದ್ದ ಕಂದು ಬೀದಿನಾಯಿಗೆ ಅವಳದ್ದೇ ಹಳೆಯ ರವಿಕೆಯ ಕೈ ಕಟ್ಟಿತ್ತು. ಇದೇ ಅಕ್ಕು ಹೋದ ವಾರ, "ನಾಯಿಗೆ ಸೂಜಿ ಹಾಕ್ಲಿಕ್ಕೆ ಇವರಿಗೆ ಬೇರೆ ಕೆಲಸ ಇಲ್ವಾ," ಎಂದು ಲೋಲಾಕ್ಷಿಗೆ ಕೇಳಿಸುವಂತೆ ಹೇಳಿದ್ದಳು.

ಲೋಲಾಕ್ಷಿ ವೆರೊನಿಕಾಳ ಸೆರಗು ಹಿಡಿದೆಳೆದು ಪಿಸುಗುಟ್ಟಿದಳು. "ಹೌದು ಅಂತ ಹೇಳಿಬಿಡಿ ಬಾಯಮ್ಮ. ಇಡೀ ಊರು ನಮ್ಮ ಕಡೆ ಆಗಿದೆ. ಉಳಿದದ್ದನ್ನು ನಿಧಾನಕ್ಕೆ ಮಾಡುವ."

ಹಾಗೆ ಹೇಳಿದರೆ ಮುಗಿಯುತ್ತಿತ್ತು. ಮನೆಗೆ ಹೋಗಿ ತಣ್ಣಗಾದ ಚಾ ಕುಡಿದು ಕಾಲು ಚಾಚಬಹುದಿತ್ತು. ಆದರೆ ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಗ ವೆರೊನಿಕಾ ನಾಲ್ಕು ದಿನ ಒಬ್ಬಳು ಬಸುರಿಯ ಪಕ್ಕ ಕೂತಿದ್ದಳು. ನಾಯಿ ಕಚ್ಚಿ ಎರಡು ತಿಂಗಳಾಗಿತ್ತಂತೆ, ಗಾಯ ಮಾಸಿತ್ತು. ನೀರಿನ ಲೋಟ ಕಂಡರೆ ಅವಳ ಗಂಟಲು ಹಿಂಡಿಕೊಳ್ಳುತ್ತಿತ್ತು. ಕೊನೆಯ ದಿನ ಅವಳ ಕೈಗಳನ್ನು ಮಂಚಕ್ಕೆ ಕಟ್ಟಿದವಳು ವೆರೊನಿಕಾಳೇ. ನಾಯಿಗಳ ಕೆಲಸಕ್ಕೆ ಇಳಿದ ಮೊದಲ ವರ್ಷವೇ ಇದನ್ನು ಲೋಲಾಕ್ಷಿಗೆ ಹೇಳಿದ್ದಳು.

"ಇವೆಲ್ಲ ನಾವು ಕಟ್ಟಿದ್ದಲ್ಲ," ಎಂದಳು ವೆರೊನಿಕಾ. "ಯಾರ್ಯಾರೋ ಕಟ್ಟಿದ್ದಾರೆ. ಇಂಜೆಕ್ಷನ್ ಆಗದ್ದೂ ಇದರಲ್ಲಿ ಉಂಟು."

ಕೃಷ್ಣಕುಮಾರನ ನಗು ನಿಂತಿತು. ಅಕ್ಕು ಮುಖ ತಿರುಗಿಸಿದಳು.

"ಹಾಗಾದರೆ ನಾನೆಂತ ಮಾಡ್ಲಿ ಸಿಸ್ಟರ್? ಪಟ್ಟಿಯನ್ನು ನಂಬುವ ಹಾಗಿಲ್ಲ ಅಂತಾದರೆ ಎಲ್ಲವನ್ನೂ ತೆಗೆಸಬೇಕಾಗ್ತದೆ."

"ಇಂಜೆಕ್ಷನ್ ಆಗದ್ದನ್ನು ಹಿಡಿದು ಕೊಡಿ. ನನ್ನ ಹಿತ್ತಿಲಲ್ಲಿ ಕಟ್ಟಿಹಾಕುತ್ತೇನೆ."

"ಎಷ್ಟು ದಿನ?"

ಇಂಜೆಕ್ಷನ್ ಆಗದೆ ಉಳಿದು ಹುಚ್ಚುನಾಯಿ ಕಚ್ಚಿರಬಹುದಾದ ನಾಯಿಯನ್ನು ಆರು ತಿಂಗಳು ಬೇರೆಯೇ ಕಟ್ಟಿಡಬೇಕೆಂದು ಡಾಕ್ಟರರೇ ಹೇಳಿದ್ದರು. ವೆರೊನಿಕಾಳ ಹಿತ್ತಿಲಲ್ಲಿ ಆಗಲೇ ಹನ್ನೊಂದು ನಾಯಿಗಳಿದ್ದವು. ಅದೇ ಮನೆಯಲ್ಲಿ ರೆಜಿನಾಲ್ಡನ ಮಗು ಅಂಬೆಗಾಲಿಡುತ್ತಿತ್ತು.

"ಸಹಿ ಹಾಕಿದ್ದು ನೀವೇ," ಎಂದ ಕೃಷ್ಣಕುಮಾರ ಮೆಲ್ಲಗೆ. "ಮನೆನಾಯಿಗಳನ್ನು ಕಟ್ಟಿಹಾಕಲಿ, ಅವಕ್ಕೆ ಇನ್ನೊಂದು ವಾರ ಕೊಡ್ತೇನೆ. ಬೀದಿಯದ್ದಕ್ಕೆ ಆಗ್ಲಿಕ್ಕಿಲ್ಲ. ನಿಮ್ಮದು ಯಾವುದು, ಅಲ್ಲದ್ದು ಯಾವುದು ಅಂತ ಗುರುತು ಹೇಳುವವರು ಯಾರಾದರೂ ಇದ್ದಾರಾ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಅರುವತ್ತಮೂರು ನಾಯಿಗಳ ಬಾಯಿ ಹಿಡಿದವಳು ಲೋಲಾಕ್ಷಿ.

"ನಾನಾ?" ಎಂದಳು ಲೋಲಾಕ್ಷಿ.

ವೆರೊನಿಕಾ ಅವಳ ಮುಖ ನೋಡಲಿಲ್ಲ. "ನೀನು ತೋರಿಸದಿದ್ದರೆ ಎಲ್ಲವೂ ಹೋಗ್ತವೆ," ಎಂದಳು. "ನಾನು ಬರ್ತಿದ್ದೆ. ಈ ಕಾಲು..."

ಲೋಲಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಟ್ಯನ ಹಿಂದೆ ನಡೆದಳು.

ವೆರೊನಿಕಾ ಮನೆಗೆ ಬಂದು ಹಿತ್ತಿಲ ನಾಯಿಗಳಿಗೆ ಗಂಜಿ ಬೇಯಿಸಿದಳು. ಮಧ್ಯಾಹ್ನ ಮಲಗಲು ನೋಡಿದಳು. ಕಾಲು ನೋಯುತ್ತಿದ್ದುದು ಸುಳ್ಳಲ್ಲ. ಆದರೆ ನಿನ್ನೆ ಅದೇ ಕಾಲಿನಲ್ಲಿ ಗುಡ್ಡ ಹತ್ತಿ ಇಳಿದಿದ್ದಳು.

ಸಂಜೆ ಐದೂವರೆಗೆ ಲೋಲಾಕ್ಷಿ ಬಂದಳು. ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದಳು, ಮತ್ತೊಮ್ಮೆ ತೊಳೆದಳು. ಒಳಗೆ ಬರಲಿಲ್ಲ.

"ಏಳು ನಾಯಿ," ಎಂದಳು.

"ಚಾ ಮಾಡ್ತೇನೆ, ಕೂತ್ಕೋ."

"ಮೀನಿನ ಚಪ್ಪರದ ಕುಂಟ, ಅಕ್ಕುವಿನ ಕಂದು, ಬಸ್ಸು ಕಟ್ಟೆಯ ಎರಡು ಮರಿಗಳು..." ಲೋಲಾಕ್ಷಿ ಬೆರಳು ಮಡಚುತ್ತ ಹೋಗಿ ಅರ್ಧಕ್ಕೆ ನಿಲ್ಲಿಸಿದಳು. "ಹದಿನಾಲ್ಕು ದಿನ ನನ್ನ ಕೈಗೆ ಸಿಗದ್ದು ಇವತ್ತು ಕರೆದ ಕೂಡಲೇ ಬಂದವು ಬಾಯಮ್ಮ. ಒಂದು ಕೈ ನೆಕ್ಕಿತು. ಬಟ್ಯಣ್ಣನೇ ಹೇಳಿದ, 'ನೀನು ಇಂಜೆಕ್ಷನ್ ಆಗಿದೆ ಅಂದರೆ ನಾನು ಬಿಡ್ತೇನೆ ತಂಗಿ, ನನಗೂ ಸಾಕಾಗಿದೆ' ಅಂತ. ಆಗಿದೆ ಅಂತ ಹೇಳ್ಲಿಕ್ಕೆ ಬಾಯಿ ತೆರೆದೆ. ಆಗ ನಿಮ್ಮ ಆ ಬಸುರಿ ಹೆಂಗಸು ಬಂದು ಎದುರಿಗೆ ನಿಂತಳು."

ವೆರೊನಿಕಾ ಬಾಗಿಲು ದಾಟಿ ಜಗಲಿಗೆ ಬಂದಳು.

"ನನಗೆ ಅದನ್ನು ಹೇಳದೆ ಇದ್ದರೆ ಆಗ್ತಿತ್ತು ನೀವು," ಎಂದಳು ಲೋಲಾಕ್ಷಿ. "ಇಲ್ಲ ಅಂದರೆ ನೀವೇ ಬರಬೇಕಿತ್ತು."

"ನನಗೆ ಹೆದರಿಕೆಯಾಯ್ತು," ಎಂದಳು ವೆರೊನಿಕಾ. "ಕಾಲು ಅಲ್ಲ."

ಲೋಲಾಕ್ಷಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲೇ ಗೇಟು ದಾಟಿ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಬುಧವಾರ ಮಂಗಳೂರಿನಿಂದ ಇಂಜೆಕ್ಷನಿನ ಐಸ್ ಪೆಟ್ಟಿಗೆ ಬಂತು. ಪಂಚಾಯತು ಕಚೇರಿಯ ಜಗಲಿಯಲ್ಲಿ ಈಶ್ವರಪ್ರಸಾದರು ಮೇಜು ಹಾಕಿಸಿದರು. ಎಂಟರ ಹೊತ್ತಿಗೆ ಹೆಂಗಸರು ಬರತೊಡಗಿದರು. ಬಾವಿಯ ಹಗ್ಗದಲ್ಲಿ, ದನದ ಕಣ್ಣಿಯಲ್ಲಿ, ಹಳೆಯ ಸೀರೆಯಲ್ಲಿ ಕಟ್ಟಿ ತಂದ ಮನೆನಾಯಿಗಳು ಒಂದಕ್ಕೊಂದು ಬೊಗಳಿಕೊಂಡವು. ಅಕ್ಕುವೂ ಬಂದಿದ್ದಳು, ನಾಯಿಯಿಲ್ಲದೆ. ಸಾಲಿನಲ್ಲಿದ್ದ ಒಬ್ಬಳ ಮಗುವನ್ನು ಎತ್ತಿಕೊಂಡು, ಅವಳು ತನ್ನ ನಾಯಿಯನ್ನು ಎರಡೂ ಕೈಯಲ್ಲಿ ಹಿಡಿಯುವಂತೆ ಮಾಡಿದಳು.

ಮೊದಲ ನಾಯಿಯೇ ಕೊಸರಾಡಿತು. ಹಲ್ಲು ಡಾಕ್ಟರರ ತೋಳಿಗೆ ತಾಗಿತು. ವೆರೊನಿಕಾ ಅದರ ಬಾಯಿ ಹಿಡಿಯಲು ಬಗ್ಗಿದಳು, ಮೊಣಕಾಲು ಮಡಚಲಿಲ್ಲ. "ಹೀಗಾದರೆ ಸಂಜೆಯಾದರೂ ಮುಗಿಯುವುದಿಲ್ಲ ಸಿಸ್ಟರ್," ಎಂದರು ಈಶ್ವರಪ್ರಸಾದರು.

ಸಾಲಿನ ಹಿಂದೆ ಯಾರೋ ದಾರಿ ಬಿಟ್ಟರು. ಲೋಲಾಕ್ಷಿ ಬಂದಳು. ವೆರೊನಿಕಾಳ ಕಡೆ ನೋಡಲಿಲ್ಲ. ನೆಲದ ಮೇಲೆ ಮಂಡಿಯೂರಿ ಕೂತು ನಾಯಿಯ ಮುಖವನ್ನು ತನ್ನ ಕಂಕುಳಿನಡಿ ಒತ್ತಿ ಹಿಡಿದಳು. ಡಾಕ್ಟರರು ಸೂಜಿ ಚುಚ್ಚಿದರು. ನಾಯಿ ಒಮ್ಮೆ ಕುಂಯ್‌ಗುಟ್ಟಿ ಸುಮ್ಮನಾಯಿತು. ಮುಂದಿನದನ್ನು ತರಲು ಕರೆದರೂ ಲೋಲಾಕ್ಷಿ ಅದನ್ನು ಕೂಡಲೇ ಬಿಡಲಿಲ್ಲ. ಹೊಗೆಸೊಪ್ಪಿನ ಕಲೆಯ ಅವಳ ಬೆರಳುಗಳು ನಾಯಿಯ ಕಿವಿಯ ಹಿಂದಿನ ರೋಮದಲ್ಲಿ ಮೇಲೆ ಕೆಳಗೆ ಆಡುತ್ತಲೇ ಇದ್ದವು.